ಆಯಿಯ ಬಾಯೊಳಗಿನ ಬೀಗರು

ಸೇಡಂನಲ್ಲಿದ್ದಾಗ ನಮ್ಮ ಗೋಡೆಗೆ ಹತ್ತಿದ ಮನೆಯ ಮುದುಕಿ ಆಯಿಗೆ ಎರಡೇ ಪ್ರಾಣ: ಖಡಕ್ ಜೋಳದ ರೊಟ್ಟಿ ಮತ್ತು ಮಿಶ್ರಿ. ದಿನಾ ಮುಂಜಾನೆ ಕಟ್ಟೆಯ ಮೇಲೆ ಕುಂತು, ಸುಟ್ಟ ತಂಬಾಕಿನ ಆ ಕರಿ ಪುಡಿಯನ್ನು ಬೆರಳಿಂದ ವಸಡಿಗೆ ತಿಕ್ಕುತ್ತಿದ್ದಳು. ದೇವರ ಜಗಲಿಯನ್ನೂ ಅಷ್ಟು ಭಕ್ತಿಯಿಂದ ತಿಕ್ಕಿದವಳಲ್ಲ. ಯಾರಾದರೂ ಬಿಡು ಅಂದರೆ, "ನನ್ನ ಬಾಯಿ, ನನ್ನ ಮನಿ. ನಿಮಗ್ಯಾಕ್ ಬೇಕು?" ಅನ್ನುತ್ತಿದ್ದಳು.

ವಸಡು ಊದಿ, ಕಚ್ಚಿದ ರೊಟ್ಟಿಗೆ ರಕ್ತ ಹತ್ತತೊಡಗಿದಾಗ ನಾನೇ ಹಲ್ಲಿನ ಡಾಕ್ಟರ ಹತ್ತಿರ ಕರಕೊಂಡು ಹೋದೆ. ಆ ಡಾಕ್ಟರ ಹುಡುಗಿ ಬಾಯೆಲ್ಲ ಸ್ವಚ್ಛ ಮಾಡಿ, "ಮಿಶ್ರಿ ಬಿಡಲಿಲ್ಲಂದ್ರ ಮುಂದಿನ ಹಲ್ಲು ಉಳಿಯಂಗಿಲ್ಲ ಆಯಿ. ಆಮ್ಯಾಲ ಖಡಕ್ ರೊಟ್ಟಿ ಮರೀರಿ" ಅಂದಳು. ಜೊತೆಗೆ ಚೀಪುವ ಗುಳಿಗೆ ಕೊಟ್ಟಳು. "ಮೊಸರಿನ್ಯಾಗ ಇರ್ತಾವಲ್ಲ, ಅಂಥ ಒಳ್ಳೆ ಹುಳ ಇದರಾಗ ಜೀವಂತ ಅದಾವ. ನಿಮ್ಮ ಬಾಯಾಗ ಬಂದು ಇರ್ತಾವ."

ಮರುದಿನ ಆಯಿ ಗುಳಿಗೆ ಚೀಪುತ್ತ, ಮಿಶ್ರಿ ಡಬ್ಬಿ ತೆರೆದಿಟ್ಟುಕೊಂಡು ಬೆರಳು ಅದ್ದದೆ ಕುಂತಿದ್ದಳು.

"ಯಾಕ ಆಯಿ, ಡಾಕ್ಟರಿಗೆ ಅಂಜಿದೇನು?"

"ಆಕಿಗ್ಯಾಕ ಅಂಜ್ಲಿ? ಬಾಯಾಗ ಬೀಗರು ಬಂದು ಕುಂತಾರ. ಬೀಗರ ಮಾರಿಗೆ ಯಾರರ ತಂಬಾಕ ಬಡೀತಾರೇನವ್ವ?"

ಮಗ, ಸೊಸೆ, ಡಾಕ್ಟರು ಹೇಳಿ ಬಿಡಿಸಲಾಗದ್ದನ್ನು ಕಣ್ಣಿಗೆ ಕಾಣದ ಹುಳ ಬಿಡಿಸಿದವು. ಗುಳಿಗೆ ಮುಗಿದ ಮೇಲೆ ಅವು ಅಲ್ಲಿ ಉಳಿದವೋ, ಊರಿಗೆ ಹೋದವೋ, ಡಾಕ್ಟರಿಗೂ ಗೊತ್ತಿರಲಿಲ್ಲ. ಆಯಿ ಮಾತ್ರ ದಿನಾ ಉಣ್ಣುವ ಮೊದಲು ಒಂದು ಗುಟುಕು ಮಜ್ಜಿಗೆಯನ್ನು ಬಾಯಲ್ಲಿ ಆಡಿಸಿ ನುಂಗಿ, "ಉಣ್ರಿ ಬೀಗರೇ, ನಾಚಬ್ಯಾಡ್ರಿ" ಅನ್ನುತ್ತಿದ್ದಳು. ಆಮೇಲೆ ಗೋಡೆಯಾಚೆಯಿಂದ ಕುರುಂ ಕುರುಂ ಅಂತ ಖಡಕ್ ರೊಟ್ಟಿಯ ಸದ್ದು ಬರುತ್ತಿತ್ತು.