ಬೋಲ್ಟಿಲ್ಲದೆ ಏರು ಹತ್ತಿದ ಗಾಡಿ

ದೆವ್ವ, ಪವಾಡ, ಹರಕೆ ಯಾವುದರಲ್ಲೂ ನನಗೆ ನಂಬಿಕೆ ಇರಲಿಲ್ಲ. ಇಪ್ಪತ್ತೆಂಟು ವರ್ಷದಿಂದ ಕುಶಾಲನಗರದಲ್ಲಿ ಗ್ಯಾರೇಜು ನಡೆಸುತ್ತಿದ್ದೇನೆ. ನಿಂತ ಗಾಡಿಗೆ ನಿಲ್ಲಲು ಕಾರಣ ಇರುತ್ತದೆ, ಓಡಿದ ಗಾಡಿಗೆ ಓಡಲು ಕಾರಣ ಇರುತ್ತದೆ. ಇಷ್ಟೇ ನಾನು ಕಲಿತ ವಿದ್ಯೆ. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಬಂದು ಹೇಳಿದ್ದರೆ ನಾನೇ ನಕ್ಕು ಕಳಿಸುತ್ತಿದ್ದೆ. ನೀವು ನಕ್ಕರೂ ನನಗೆ ಬೇಸರವಿಲ್ಲ.

ಐದಾರು ವರ್ಷದ ಹಿಂದಿನ ಮಾತು. ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಪಕ್ಕದ ಆಸ್ಪತ್ರೆಯ ಸೆಕ್ಯೂರಿಟಿಯವನು ಬಂದು, ಗೇಟಿಗೆ ಅಡ್ಡವಾಗಿ ಒಂದು ಗಾಡಿ ನಿಂತುಬಿಟ್ಟಿದೆ, ಬನ್ನಿ ಎಂದ. ಹೋಗಿ ನೋಡಿದರೆ ನನಗೆ ಗೊತ್ತಿದ್ದ ಗಾಡಿಯೇ. ಸುಂಟಿಕೊಪ್ಪದ ಆಚೆ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಪುಟ್ಟಸ್ವಾಮಿಯವರದ್ದು. ನಾಲ್ಕೂ ಚಕ್ರ ಎಳೆಯುವ, ಆಟೊಮ್ಯಾಟಿಕ್ ಗೇರಿನ ಹಳೇ ಗಾಡಿ. ಎಸ್ಟೇಟಿನ ಸಾಹುಕಾರರು ಹೊಸದು ಕೊಂಡಾಗ ಇವರು ಇದನ್ನು ಇಟ್ಟುಕೊಂಡಿದ್ದರು. ಅವರ ಹೆಂಡತಿ ಸಾವಿತ್ರಮ್ಮ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದರು. ಗಂಡನನ್ನು ಅಷ್ಟರಲ್ಲೇ ಒಳಗೆ ಸಾಗಿಸಿಯಾಗಿತ್ತು.

"ಬೆಳಿಗ್ಗೆಯಿಂದ ಉಸಿರು ಎಳೀತಿದ್ರು ಅಣ್ಣ. ಫೋನಿಗೆ ಸಿಗ್ನಲ್ ಇಲ್ಲ. ಕೊನೆಗೆ ನಾನೇ ಓಡಿಸ್ಕೊಂಡು ಬಂದೆ. ಗೇಟಿಗೆ ಬಂದಿದ್ದೇ ತಡ, ಎಷ್ಟು ಆಕ್ಸಿಲೇಟರ್ ಕೊಟ್ರೂ ಮುಂದಕ್ಕೆ ಹೋಗ್ಲಿಲ್ಲ," ಎಂದರು.

ನಾಲ್ಕು ಜನ ಸೇರಿ ಗಾಡಿಯನ್ನು ಶೆಡ್ಡಿಗೆ ತಳ್ಳಿದೆವು.

ಎಂಜಿನ್ ಚೆನ್ನಾಗಿಯೇ ಸ್ಟಾರ್ಟ್ ಆಯಿತು. ಮುಂದಕ್ಕೆ ಹಾಕಿದರೂ ಹಿಂದಕ್ಕೆ ಹಾಕಿದರೂ ಗಾಡಿ ಮಿಸುಕಲಿಲ್ಲ. ಫೋರ್ ವೀಲ್ ಲಿವರ್ ನ್ಯೂಟ್ರಲ್ಲಿಗೆ ಜಾರಿದೆಯೇ ಎಂದು ನೋಡಿದೆ, ಇಲ್ಲ. ಗೇರ್ ಆಯಿಲ್ ಅಳೆದು, ಬೆರಳಿಗೆ ಹಚ್ಚಿ ಮೂಸಿದೆ. ಸುಟ್ಟ ವಾಸನೆ ಇರಲಿಲ್ಲ, ಬಣ್ಣವೂ ಕೆಟ್ಟಿರಲಿಲ್ಲ. ಮುಂದಿನ ಹಿಂದಿನ ಶಾಫ್ಟುಗಳು ಸರಿಯಾಗಿದ್ದವು. ಹಾಗಾದರೆ ತೊಂದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಎಲ್ಲೋ ಇರಬೇಕು. ಅಲ್ಲಿ ಕನ್ವರ್ಟರ್ ಎಂಬ ದೊಡ್ಡ ಬಟ್ಟಲಿನಂಥ ಭಾಗವಿರುತ್ತದೆ. ಅದನ್ನು ಎಂಜಿನ್ನಿಗೆ ಆರು ಬೋಲ್ಟುಗಳಲ್ಲಿ ಬಿಗಿದಿರುತ್ತಾರೆ. ಎಂಜಿನ್ ತಿರುಗಿದರೆ ಅದು ತಿರುಗಬೇಕು, ಅದು ತಿರುಗಿದರೆ ಮಾತ್ರ ಗಾಡಿ ಚಲಿಸಬೇಕು. ಬೇರೆ ದಾರಿಯೇ ಇಲ್ಲ.

ಮರುದಿನ ಬೆಳಿಗ್ಗೆ ಗಾಡಿಯ ಕೆಳಗೆ ಮಲಗಿ ನೋಡಿದೆ. ಅಲ್ಲಿನ ತಗಡಿನ ಮುಚ್ಚಳ ಎಂದೋ ಬಿದ್ದುಹೋಗಿತ್ತು. ಟಾರ್ಚು ಬಿಟ್ಟೆ. ಆರೂ ಬೋಲ್ಟು ತುಂಡಾಗಿದ್ದವು. ತುಂಡಾದ ಮುಖಗಳಿಗೆ ಕೆಂಪು ತುಕ್ಕು ಹಿಡಿದಿತ್ತು. ಒಂದು ರಾತ್ರಿಯ ತುಕ್ಕಲ್ಲ ಅದು. ಇನ್ನೂ ಸ್ವಲ್ಪ ಬೆಳಕು ತಿರುಗಿಸಿದಾಗ ಕಂಡದ್ದು ಗೂಡು. ಮಣ್ಣು ತಂದು ಕಟ್ಟುವ ಕಡಜ ಇರುತ್ತದಲ್ಲ, ಅದರದ್ದು. ಕನ್ವರ್ಟರಿನ ಅಂಚಿಗೂ ಅದರ ಸುತ್ತಲಿನ ತಿರುಗದ ಕವಚಕ್ಕೂ ಸೇರಿಸಿ, ಅಂಗೈಯಗಲ ಮೆತ್ತಿತ್ತು. ಗಟ್ಟಿಯಾಗಿ ಒಣಗಿತ್ತು, ಎಲ್ಲೂ ಬಿರುಕಿಲ್ಲ. ಸ್ಕ್ರೂಡ್ರೈವರಿನಿಂದ ಒಂದು ಮೂಲೆ ಒಡೆದೆ. ಒಳಗೆ ಬಿಳಿ ಮರಿಹುಳ ಜೀವಂತವಾಗಿ ಹೊರಳುತ್ತಿತ್ತು.

ಕನ್ವರ್ಟರ್ ಒಂದೇ ಒಂದು ಸುತ್ತು ತಿರುಗಿದ್ದರೂ ಆ ಗೂಡು ಪುಡಿಯಾಗಬೇಕಿತ್ತು. ಅಂದರೆ ಆ ಗಾಡಿ ಕೆಲವು ವಾರಗಳಿಂದ ಸ್ವಂತ ಬಲದಿಂದ ಒಂದು ಗೇಣೂ ಚಲಿಸಿಲ್ಲ.

ಇಳಿಜಾರಿನಲ್ಲಿ ಉರುಳಿಕೊಂಡು ಬಂದಿರಬಹುದು ಎಂದುಕೊಂಡೆ. ಸುಂಟಿಕೊಪ್ಪದಿಂದ ಇಲ್ಲಿಗೆ ರಸ್ತೆ ಬಹುಪಾಲು ಇಳಿಯುತ್ತದೆ. ಮನಸ್ಸಿಗೆ ಸಮಾಧಾನವಾಗದೆ ಮಧ್ಯಾಹ್ನ ಬೈಕು ಹತ್ತಿ ಅವರ ಮನೆಗೆ ಹೋದೆ. ಮನೆಯಿಂದ ಟಾರು ರಸ್ತೆಗೆ ಬರಲು ಮಣ್ಣಿನ ಏರೊಂದಿದೆ. ವಾಪಸು ಹತ್ತುವಾಗ ನನ್ನ ಬೈಕೇ ಎರಡು ಕಡೆ ಏದುಸಿರು ಬಿಟ್ಟಿತು. ಆ ಏರಿನುದ್ದಕ್ಕೂ ಟೈರಿನ ಗುರುತು ಹೊಸದಾಗಿತ್ತು. ತಿರುವಿನಲ್ಲಿ ನಾಲ್ಕೂ ಚಕ್ರ ಮಣ್ಣು ಕೆರೆದು ಹಿಂದಕ್ಕೆ ಎರಚಿದ್ದವು. ತಳ್ಳಿದ ಗಾಡಿ ಹಾಗೆ ಕೆರೆಯುವುದಿಲ್ಲ.

ಮೂರನೆಯ ದಿನ ಆಸ್ಪತ್ರೆಗೆ ಹೋದೆ. ಸಾವಿತ್ರಮ್ಮ ಔಷಧಿ ತರಲು ಹೋಗಿದ್ದರು. ಪುಟ್ಟಸ್ವಾಮಿಯವರ ಮೂಗಿಗೆ ನಳಿಕೆ ಇತ್ತು, ಮಾತು ಮಾತ್ರ ಸ್ಪಷ್ಟವಾಗಿತ್ತು. ಗಾಡಿ ಯಾವಾಗ ಕೆಟ್ಟಿತು ಎಂದು ಕೇಳಿದೆ.

"ಒಂದೂವರೆ ತಿಂಗಳಾಯ್ತು. ಮನೆ ಶೆಡ್ಡಿಗೆ ಬಿಡೋವಾಗ್ಲೇ ಟಣ್ ಅಂತ ಹೋಯ್ತು. ಇವಳಿಗೆ ಹೇಳ್ಲಿಲ್ಲ."

"ಯಾಕೆ ಹೇಳ್ಲಿಲ್ಲ?"

"ನನ್ನ ಕಾಯಿಲೆ ವಾಸಿ ಆಗೋದಲ್ಲ ಅಂತ ಡಾಕ್ಟ್ರು ಆಗ್ಲೇ ಹೇಳಿದ್ರು. ಮನೇಲೇ ಪ್ರಾಣ ಹೋಗ್ಬೇಕು ಅಂತಿತ್ತು ನಂಗೆ. ಗಾಡಿ ಕೆಟ್ಟಿದ್ದು ಒಳ್ಳೇದೇ ಆಯ್ತು ಅನ್ಕೊಂಡೆ." ಸ್ವಲ್ಪ ಹೊತ್ತು ಉಸಿರಾಡಿಕೊಂಡರು. "ಅವತ್ತು ನನ್ನ ಎತ್ತಿ ಕೂರಿಸಿದ್ಲು. ಒಂದ್ಸಲ ಸ್ಟಾರ್ಟ್ ಮಾಡಿ ನೋಡಿ ಸುಮ್ನಾಗ್ತಾಳೆ ಅಂತ ಬಾಯಿ ಬಿಡ್ಲಿಲ್ಲ. ಅದು ಹೊರಟೇಬಿಡ್ತಲ್ಲಪ್ಪ."

ಅವರ ಮುಖದಲ್ಲಿ ಆಶ್ಚರ್ಯಕ್ಕಿಂತ ಹೆಚ್ಚಾಗಿ ಮೋಸಹೋದವರ ಕಳೆ ಇತ್ತು. ಅವಳಿಗೆ ಹೇಳಬೇಡ ಎಂದು ನನ್ನ ಕೈ ಹಿಡಿದರು. ನಾನು ಹೂಂ ಎಂದೆ.

ಆಸ್ಪತ್ರೆಗೆ ಸೇರಿದ ಮೇಲೆ ಅವರು ಒಂಬತ್ತು ದಿನ ಬದುಕಿದರು. ಅದನ್ನು ಬದುಕು ಎನ್ನಬಹುದಾದರೆ. ಐದನೆಯ ದಿನದ ಹೊತ್ತಿಗೆ ಬಾಯಿಗೂ ನಳಿಕೆ ಇಳಿಸಿ, ಅದನ್ನು ಕಿತ್ತುಕೊಳ್ಳದಂತೆ ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಆಮೇಲೆ ನನಗೆ ಅತ್ತ ಹೋಗಲು ಧೈರ್ಯ ಬರಲಿಲ್ಲ.

ಗಾಡಿಗೆ ಆರು ಹೊಸ ಬೋಲ್ಟು ಹಾಕಿದೆ. ಏನೂ ಆಗಿಲ್ಲವೆಂಬಂತೆ ಹೊರಟಿತು. ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಸಾವಿತ್ರಮ್ಮ ಬಂದರು. ಗಾಡಿ ನೋಡಲೇ ಇಲ್ಲ. ಯಾರಿಗಾದರೂ ಮಾರಿಬಿಡಿ ಎಂದರು. ಹೊರಟವರು ಬಾಗಿಲಲ್ಲಿ ನಿಂತರು.

"ಅಣ್ಣ, ಅವತ್ತು ದಾರೀಲೇ ಕೆಡ್ತಾ ಅದು?"

"ಹೌದಕ್ಕ. ದಾರೀಲೇ," ಎಂದೆ.

"ಒಂಬತ್ತು ದಿನವೂ ಮನೆಗೆ ಕರ್ಕೊಂಡು ಹೋಗು ಅಂತ ಕಣ್ಣಲ್ಲೇ ಬೇಡ್ಕೊಂಡ್ರು. ಒಂದು ದಿನ ಮುಂಚೆ ಕೆಟ್ಟಿದ್ರೆ ಮನೇಲಿ ತಮ್ಮ ಮಂಚದ ಮೇಲೇ ಹೋಗ್ತಿದ್ರು."

ನಾನು ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ನಿಂತೆ. ಅವರು ಬಸ್ಸಿನ ಹೊತ್ತಾಯಿತು ಎಂದು ಹೊರಟುಹೋದರು.

ಆಮೇಲೆ ಈ ಕಸುಬಿನ ಹಿರಿಯರನ್ನು ಕೇಳಿದ್ದೇನೆ, ಹೆಸರು ಹೇಳದೆ. ಎಲ್ಲರದ್ದೂ ಒಂದೇ ಮಾತು: ಸಾಧ್ಯವಿಲ್ಲ. ನನಗೂ ಗೊತ್ತು, ಸಾಧ್ಯವಿಲ್ಲ. ಆದರೆ ಆ ಏರನ್ನು ಅದು ಹತ್ತಿದೆ. ಹೇಗೆ ಹತ್ತಿತು ಎಂಬುದು ತಿಳಿಯದಿದ್ದರೂ ಪರವಾಗಿಲ್ಲ, ಬಿಟ್ಟುಬಿಡುತ್ತೇನೆ. ಆ ಮನುಷ್ಯನನ್ನು ಅಷ್ಟು ಕಷ್ಟಪಟ್ಟು ಆ ಆಸ್ಪತ್ರೆಗೇ ಏಕೆ ತಂದು ಬಿಟ್ಟಿತು ಎಂಬುದು ಮಾತ್ರ ನನ್ನನ್ನು ಬಿಟ್ಟಿಲ್ಲ.