ಸೊನ್ನೆ ಕೇಸಿನ ಕಟ್ಟಡ

ಮೊದಲು ಕೆಟ್ಟದ್ದು ಇಂಗು.

ಹಾಗೆಂದು ನಮ್ಮವರು ಹೇಳಿದರು, ನಾನೂ ನಂಬಿದೆ. ಸೂರತ್ತಿನ ಅಡಾಜಣ್‌ನಲ್ಲಿ ನಮ್ಮದೊಂದು ಉಡುಪಿ ಹೋಟೆಲು. ಕೊರೊನಾದ ಎರಡನೇ ಅಲೆ ಎದ್ದು, ಕೂತು ತಿನ್ನುವುದು ಬಂದ್ ಆಗಿ, ಬರೀ ಪಾರ್ಸೆಲ್ ನೆಚ್ಚಿಕೊಂಡು ಒಲೆ ಹಚ್ಚುತ್ತಿದ್ದ ಕಾಲ. ಒಂದು ಬೆಳಿಗ್ಗೆ ನನ್ನ ಗಂಡ ವಾಸುದೇವ ರಾಯರು ಸಾಂಬಾರಿನ ಹಂಡೆಯ ಆವಿಗೆ ಮೂಗೊಡ್ಡಿದರು, ಮುಖ ಸಿಂಡರಿಸಿದರು, ಇಂಗು ತಂದುಕೊಡುವ ವ್ಯಾಪಾರಿಗೆ ಫೋನು ಹಚ್ಚಿ ಬಾಯಿಗೆ ಬಂದಂತೆ ಬೈದರು. ಇಂಗೆಂದು ಹೇಳಿ ಮೈದಾ ಕಳಿಸಿದ್ದೀಯಾ, ನಾಚಿಕೆ ಇಲ್ಲವಾ ಅಂತ.

ನಮ್ಮ ಅಡುಗೆಮನೆಯ ಕ್ರಮವೇ ಹಾಗೆ. ದೇವರ ಪಟಕ್ಕೆ ನೈವೇದ್ಯ ಆಗುವ ತನಕ ಯಾರೂ ರುಚಿ ನೋಡುವ ಹಾಗಿಲ್ಲ, ಎಂಜಲಾಗುತ್ತದೆ. ಉಪ್ಪು, ಹುಳಿ, ಇಂಗು ಎಲ್ಲವೂ ಮೂಗಿನಲ್ಲೇ ತೀರ್ಮಾನ. ನಮ್ಮವರ ಮೂಗಂತೂ ಹೈಕೋರ್ಟು. ಅಡುಗೆಯ ಭಟ್ಟರು ಹಂಡೆ ಇಳಿಸಬೇಕಾದರೆ ಆ ಮೂಗು ಬಂದು ಒಪ್ಪಿಗೆ ಕೊಡಬೇಕು.

ಆವತ್ತು ಇಂಗು ಎರಡು ಪಟ್ಟು ಬಿತ್ತು. ಮರುದಿನ ಇನ್ನಷ್ಟು. ಪಾರ್ಸೆಲ್ ಒಯ್ದ ಗಿರಾಕಿಯೊಬ್ಬ ಫೋನು ಮಾಡಿ, ಇದು ಸಾಂಬಾರೋ ಔಷಧವೋ ಎಂದು ಕೇಳಿದ. ಭಟ್ಟರು ತಲೆ ಕೆರೆಯುತ್ತಾ, "ರಾಯ್ರೆ, ಇಂಗು ಸ್ವಲ್ಪ ಜಾಸ್ತಿಯೇ ಆಯ್ತಾ ಅಂತ" ಎಂದದ್ದಕ್ಕೆ, "ನಿಮಗೆ ಮೂಗು ಉಂಟಾ ಮಾರಾಯ್ರೆ?" ಎಂದು ಅವರನ್ನೇ ಗದರಿಸಿದರಂತೆ.

ಆ ಸಾಂಬಾರು ಮನೆಗೂ ಬಂತು. ಒಂದು ತುತ್ತು ಬಾಯಿಗಿಟ್ಟದ್ದೇ ನನ್ನ ಗಂಟಲು ಹತ್ತಿಕೊಂಡಿತು. ಬಾಣಂತಿಗೆ ಕೊಡುವ ಕಷಾಯದಲ್ಲೂ ಅಷ್ಟು ಇಂಗಿರುವುದಿಲ್ಲ. ಎದುರಿಗೆ ಕೂತ ನಮ್ಮವರು ಅನ್ನದ ಮೇಲೆ ಅದನ್ನು ಸುರಿದುಕೊಂಡು ಸೊರ ಸೊರ ಉಂಡರು. ಆಮೇಲೆ ಹೇಳಿದರು:

"ಸಪ್ಪೆ ಉಂಟು."

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು.

ವಾಸನೆ ಹೋದರೆ ಏನರ್ಥ ಎಂದು ಆಗ ಹಾಲು ಹಾಕುವವನಿಗೂ ಗೊತ್ತಿತ್ತು. ನಮ್ಮವರಿಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಊರಿನಿಂದ ಫೋನು ಮಾಡಿದವರಿಗೆಲ್ಲ ಲಕ್ಷಣಗಳನ್ನು ಪಾಠದಂತೆ ಒಪ್ಪಿಸುತ್ತಿದ್ದವರು ಇವರೇ. ಆದರೆ ಆ ಲಕ್ಷಣಗಳೆಲ್ಲ ಬೇರೆಯವರಿಗೆ. ಇವರಿಗೆ ಬರೀ ಕಲಬೆರಕೆ ಇಂಗು.

"ಟೆಸ್ಟ್ ಮಾಡಿಸುವ" ಎಂದೆ.

"ನಿನಗೆ ಮರುಳು. ಗ್ರಾಫ್ ನೋಡಿದ್ದೀಯಾ? ನಮ್ಮ ಬದಿ ಇಳಿದಿದೆ."

ಈ ಗ್ರಾಫಿನ ಸಂಗತಿ ಹೇಳಲೇಬೇಕು. ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಜಯೇಶ್‌ಭಾಯಿ. ಬಟ್ಟೆ ವ್ಯಾಪಾರ ನಿಂತು ಕೈ ಖಾಲಿಯಾದಾಗ ಈ ಮನುಷ್ಯ ಸಾಂಕ್ರಾಮಿಕ ರೋಗದ ಪಂಡಿತನಾದ. ಪಾಲಿಕೆ ಕೊಡುವ ಅಂಕಿಗಳನ್ನು ದಿನಾ ಸಂಜೆ ಗೆರೆಯಾಗಿ ಎಳೆದು ವಾಟ್ಸ್ಯಾಪ್ ಗುಂಪಿಗೆ ಹಾಕುತ್ತಿದ್ದ. ಏರಿದರೆ ಕೆಂಪು, ಇಳಿದರೆ ಹಸಿರು. ಕೆಳಗೆ ಆವತ್ತಿನ ಹೊಸ ನಿಯಮ: ಲಿಫ್ಟಿನಲ್ಲಿ ಇಬ್ಬರೇ, ತರಕಾರಿಯವನು ಗೇಟಿನ ಹೊರಗೆ, ಮದುವೆಗೆ ಇಷ್ಟು ಜನ, ಹೆಣಕ್ಕೆ ಇಷ್ಟು ಜನ. ಎಲ್ಲಕ್ಕಿಂತ ಕೆಳಗೆ, ದಪ್ಪ ಅಕ್ಷರದಲ್ಲಿ, ನಮ್ಮ ಕಟ್ಟಡದಲ್ಲಿ ಕೇಸು: ಸೊನ್ನೆ. ಅದಕ್ಕೆ ಇಡೀ ಕಟ್ಟಡ ಕೈಮುಗಿದ ಚಿತ್ರ ಹಾಕುತ್ತಿತ್ತು. ನಮ್ಮವರೂ ಹಾಕುತ್ತಿದ್ದರು.

ತಾಪಿ ನದಿಯ ಆಚೆ, ಹಳೇ ಊರಲ್ಲಿ ಏರಿಕೆ. ಈಚೆ ನಮ್ಮಲ್ಲಿ ಇಳಿಕೆ. ನಮ್ಮವರೂ ಜಯೇಶ್‌ಭಾಯಿಯೂ ಬಾಲ್ಕನಿಯಿಂದ ಬಾಲ್ಕನಿಗೆ ಅದನ್ನೇ ಚರ್ಚಿಸುತ್ತಿದ್ದರು, ಕ್ರಿಕೆಟ್ ಸ್ಕೋರಿನ ಹಾಗೆ. ರೋಗವು ಸೇತುವೆಯ ತನಕ ಬಂದು, ನಮ್ಮ ಬದಿಯ ಗೆರೆ ನೋಡಿ, ಛೆ ಇಲ್ಲಿ ಇಳಿಕೆ ಉಂಟು ಎಂದು ಹಿಂದೆ ಹೋಗುತ್ತದೆ ಅಂತ ಭಾವನೆ. ಇಬ್ಬರೂ ಡಿಗ್ರಿ ಓದಿದವರು.

ಆ ಸೊನ್ನೆಯ ಗುಟ್ಟು ನನಗೆ ತಿಳಿದದ್ದು ನಮ್ಮ ಬಾಗಿಲಲ್ಲೇ. ನಮ್ಮವರಿಗೆ ಜ್ವರ ಏರಿದ ಸುದ್ದಿ ಹೇಗೋ ತಲುಪಿ ಜಯೇಶ್‌ಭಾಯಿ ಬಂದ. ಎರಡು ಮಾಸ್ಕು, ಮೇಲೆ ಪ್ಲಾಸ್ಟಿಕ್ಕಿನ ಮುಖಗವಸು. ಲಿಫ್ಟಿನ ಹತ್ತಿರವೇ ನಿಂತು ಸಕ್ಕರೆಯಂಥ ದನಿಯಲ್ಲಿ ಹೇಳಿದ: "ಭಾಭಿ, ಟೆಸ್ಟ್ ಕರಾವೋ. ಪಣ್ ಎಡ್ರೆಸ್ ಹೋಟೆಲ್‌ನು ಲಖಾವ್‌ಜೋ." ಟೆಸ್ಟ್ ಮಾಡಿಸಿ, ಆದರೆ ವಿಳಾಸ ಹೋಟೆಲಿನದ್ದು ಬರೆಸಿ. ನಾಲ್ಕನೇ ಮಹಡಿಯವರು ಮಾವನ ಮನೆಯ ವಿಳಾಸ ಕೊಟ್ಟರಂತೆ, ಎರಡನೇ ಮಹಡಿಯವರು ಅಂಗಡಿಯದ್ದು. ಎಷ್ಟು ಸಹಕಾರ, ಎಷ್ಟು ಒಗ್ಗಟ್ಟು!

ಥೂ.

ಹೋಟೆಲಿನ ವಿಳಾಸ ಬರೆಸಿದರೆ ಪಾಲಿಕೆಯವರು ಹೋಟೆಲಿಗೆ ಬೀಗ ಹಾಕುತ್ತಾರೆ. ಮನೆಯದ್ದು ಬರೆಸಿದರೆ ನಮ್ಮ ಮೂರನೇ ಮಹಡಿಗೆ ಬಿದಿರು ಕಟ್ಟಿ ಬೋರ್ಡು ತೂಗುಹಾಕುತ್ತಾರೆ. ನಮ್ಮವರು ಮನೆಯದ್ದೇ ಎಂದರು, ಜಯೇಶ್‌ಭಾಯಿ ಹೋಟೆಲಿನದ್ದೇ ಎಂದ. ಇವರು ಮಲಗಿದಲ್ಲಿಂದ, ಅವನು ಕೆಳಗಿನ ಆಫೀಸಿನಿಂದ, ಫೋನಿನಲ್ಲಿ ಬಹಳ ಮರ್ಯಾದೆಯಿಂದ ವಾದ ಮಾಡಿದರು. ಒಬ್ಬ ಮನುಷ್ಯನ ಶ್ವಾಸಕೋಶವನ್ನು ಯಾವ ಪಿನ್‌ಕೋಡಿಗೆ ಸೇರಿಸಬೇಕೆಂದು ಸಂಧಾನ. ಈ ಸಂಧಾನ ಮುಗಿಯುವ ತನಕ ಟೆಸ್ಟ್ ಇಲ್ಲ. ನನಗೆ ಇಬ್ಬರ ಮೇಲೂ ಒಂದೇ ಅಸಹ್ಯ ಬಂತು, ಒಬ್ಬರು ನನ್ನ ಗಂಡ ಎನ್ನುವುದು ಕೂಡ ಅಡ್ಡ ಬರಲಿಲ್ಲ.

ಅಷ್ಟರಲ್ಲಿ ಕೆಮ್ಮು ಶುರುವಾಯಿತು. ಬಚ್ಚಲಿಗೆ ಹೋಗಿ ಬಂದರೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ಅಹಮದಾಬಾದಿನ ಬೋಪಾಲ್ ಬಡಾವಣೆಯಲ್ಲಿ ಮನೆ ಮಾಡಿಕೊಂಡು ಕೆಲಸಕ್ಕೆ ಹೋಗುವ ಮಗಳು ನಿಧಿ ಆಕ್ಸಿಮೀಟರ್ ಕಳಿಸಿದ್ದಳು. ಬೆರಳಿಗೆ ಸಿಕ್ಕಿಸಿದರೆ ತೊಂಬತ್ತರ ಕೆಳಗೆ.

"ಬ್ಯಾಟರಿ ವೀಕ್ ಉಂಟು" ಎಂದರು.

ನನ್ನ ಬೆರಳಿಗೆ ಸಿಕ್ಕಿಸಿದೆ. ಸರಿಯಾಗಿಯೇ ತೋರಿಸಿತು. ಅವರ ಬೆರಳಿಗೆ ಮತ್ತೆ ಸಿಕ್ಕಿಸಿದೆ. ಅಷ್ಟೇ. ಉಗುರಿನ ಬಣ್ಣ ನೋಡಿದೆ, ನೇರಳೆ ಹಣ್ಣು ತಿಂದವರ ತುಟಿಯ ಹಾಗಿತ್ತು. ನಿಧಿ ವಿಡಿಯೋದಲ್ಲಿ ಕಿರುಚಿದಳು, ಅವಳ ಮೂರು ಭಾಷೆಯ ಕನ್ನಡದಲ್ಲಿ: "ಮಮ್ಮಿ, ಪಪ್ಪಾ ಕಾ ಮಾತು ಕೇಳಬೇಡ! ಆಂಬುಲೆನ್ಸ್ ಬುಲಾವ್, ಅಭೀ!"

ಕರೆದೆ. ಯಾರನ್ನೂ ಕೇಳಲಿಲ್ಲ. ಯಾವ ವಿಳಾಸ ಎಂದು ಕೇಳಿದ್ದಕ್ಕೆ ಕಟ್ಟಡದ ಹೆಸರು, ಮಹಡಿ, ಮನೆ ನಂಬರು, ಎಲ್ಲವನ್ನೂ ಬಿಡಿಸಿ ಹೇಳಿದೆ.

ನಡು ಮಧ್ಯಾಹ್ನ. ಬಾಲ್ಕನಿಗಳಲ್ಲೆಲ್ಲ ತಲೆಗಳು. ಜಯೇಶ್‌ಭಾಯಿ ಗೇಟಿಗೆ ಓಡಿ ಬಂದು, "ಭಾಭಿ, ಸೈರನ್ ಬಂದ್ ಕರಾವೋ, ಲೋಕೋ ಗಭರಾಯ್" ಎಂದ. ಜನ ಗಾಬರಿಯಾಗುತ್ತಾರಂತೆ. ನಮ್ಮವರನ್ನು ಸ್ಟ್ರೆಚರಿನಲ್ಲಿ ಒಳಗೆ ತಳ್ಳುತ್ತಿದ್ದರು, ಬಾಯಿ ನೀರಿಂದ ತೆಗೆದ ಮೀನಿನ ಹಾಗೆ ಆಡುತ್ತಿತ್ತು, ಇವನಿಗೆ ಸೈರನ್ನಿನ ಚಿಂತೆ. ಚಾಲಕನಿಗೆ ಹೇಳಿದೆ: "ಚಾಲೂ ರಖೋ ಭಾಯ್. ಜೋರ್ ಸೇ."

ಅವನು ಗೇಟು ದಾಟಿ ಬೀದಿ ಮುಗಿಯುವ ತನಕ ಸೈರನ್ ಹೊಡೆದ. ಒಳ್ಳೆಯ ಮನುಷ್ಯ.

ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಪಿಪಿಇ ತೊಟ್ಟ ಡಾಕ್ಟರಮ್ಮ. ಆರ್‌ಟಿ-ಪಿಸಿಆರ್ ರಿಪೋರ್ಟ್ ಎಲ್ಲಿ ಎಂದು ಹಿಂದಿಯಲ್ಲಿ ಕೇಳಿದರು. ಇಲ್ಲ ಎಂದೆ. ರಿಪೋರ್ಟ್ ಇಲ್ಲದೆ ಕೋವಿಡ್ ವಾರ್ಡಿಗೆ ಹಾಕುವಂತಿಲ್ಲ, ಈ ಉಸಿರು ನೋಡಿದರೆ ಬೇರೆ ವಾರ್ಡಿಗೆ ಕಳಿಸುವಂತಿಲ್ಲ. ಅದೂ ಒಂದು ನಿಯಮ. ಪುಣ್ಯಕ್ಕೆ ಆ ಹುಡುಗಿಗೆ ನಿಯಮಕ್ಕಿಂತ ಕಣ್ಣು ಚೆನ್ನಾಗಿತ್ತು. ಅಲ್ಲೇ ಮಾಸ್ಕ್ ಹಾಕಿ ಆಕ್ಸಿಜನ್ ಬಿಟ್ಟು, ನೇರ ಸಿಟಿ ಸ್ಕ್ಯಾನಿಗೆ ಕಳಿಸಿದರು. ತಿರುಗಿ ಬಂದು, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಗದರಿದರು: "ಇತನೇ ದಿನ್ ಕ್ಯಾ ಕರ್ ರಹೇ ಥೇ ಆಪ್ ಲೋಗ್?"

"ಗ್ರಾಫ್ ದೇಖ್ ರಹೇ ಥೇ" ಎಂದೆ. ಗ್ರಾಫ್ ನೋಡುತ್ತಿದ್ದೆವು.

ಅವರು ನನ್ನ ಮುಖ ನೋಡಿದರು. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರೋ ಏನೋ.

ಎರಡೂ ಶ್ವಾಸಕೋಶ ಹಿಡಿದಿತ್ತು. ಐಸಿಯು ಬಾಗಿಲು ಮುಚ್ಚಿತು. ನನಗೂ ಪಾಸಿಟಿವ್ ಬಂತು, ಮೈಕೈ ನೋವು ಬಿಟ್ಟರೆ ಏನಿಲ್ಲ, ಮನೆಗೆ ಹೋಗಿ ಎಂದರು. ಬಂದು ನೋಡಿದರೆ ಬಿದಿರು ಕಟ್ಟಿಯಾಗಿತ್ತು, ಬೋರ್ಡು ತೂಗುತ್ತಿತ್ತು. ಎದುರು ಮನೆಯವಳು, ದೀಪಾವಳಿಗೆ ತಟ್ಟೆ ತುಂಬ ಕರಿದ ಮಠಿಯಾ ಹಪ್ಪಳ ತಂದು ತಬ್ಬಿಕೊಳ್ಳುತ್ತಿದ್ದವಳು, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿದ್ದಳು. ಬೋರ್ಡು ಬಿದ್ದದ್ದೇ ನನ್ನ ಮನೆಯ ಗಾಳಿ ವಿಷವಾಗಿಬಿಟ್ಟಿತ್ತು. ಭಟ್ಟರು ದಿನಾ ಗಂಜಿ ತಂದು ಬಿದಿರಿನ ಕೆಳಗೆ ಇಟ್ಟು, "ಅಮ್ಮ, ಉಪ್ಪು ನೋಡ್ಲಿಲ್ಲ, ನೀವೇ ಹಾಕ್ಕೊಳ್ಳಿ" ಎಂದು ಕೂಗಿ ಹೋಗುತ್ತಿದ್ದರು.

ಆ ದಿನಗಳಲ್ಲಿ ನಾನೂ ಗ್ರಾಫ್ ನೋಡಲು ಶುರುಮಾಡಿದೆ. ಬೇರೇನು ನೋಡುವುದು? ದಿನಕ್ಕೊಮ್ಮೆ ಆಸ್ಪತ್ರೆಯಿಂದ ಫೋನು, ಸಂಜೆ ಜಯೇಶ್‌ಭಾಯಿಯ ಗೆರೆ. ಆ ಗೆರೆಯನ್ನು ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದೆ, ಇದರಲ್ಲಿ ನನ್ನ ಗಂಡ ಎಲ್ಲಿದ್ದಾರೆ ಅಂತ. ಏರಿದರೆ ಹೆದರಿಕೆ, ಇಳಿದರೆ ಕೋಪ. ಮುಂದೆ ವೆಂಟಿಲೇಟರ್ ಬೇಕಾಗಬಹುದು, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದು ಡಾಕ್ಟರು ಹೇಳಿದ ದಿನ ಸಂಜೆ ಗೆರೆ ಹಸಿರಾಗಿತ್ತು. ಗುಂಪಿನಲ್ಲಿ ಚಪ್ಪಾಳೆಯ ಚಿತ್ರಗಳು. ಕಟ್ಟಡದ ಕೇಸು ಆವತ್ತೂ ಸೊನ್ನೆ. ಕೆಳಗೊಂದು ಸಣ್ಣ ವಿವರಣೆ: ಮೂರನೇ ಮಹಡಿಯದ್ದು ಹೋಟೆಲಿನಿಂದ ಬಂದ ಸೋಂಕು, ನಮ್ಮದಲ್ಲ.

ನಮ್ಮದಲ್ಲವಂತೆ.

ನಾನು ನೆಲದ ಮೇಲೆ ಕೂತು ಅತ್ತೆ. ಆಮೇಲೆ ಎದ್ದು ಮುಖ ತೊಳೆದು, ದೇವರ ಮುಂದೆ ನಿಂತು, ಇವರನ್ನು ಉಳಿಸು, ಬೈಯುವುದಕ್ಕಾದರೂ ಉಳಿಸು ಎಂದು ಕೇಳಿಕೊಂಡೆ. ಇನ್ನೂ ಬೈದು ಮುಗಿದಿರಲಿಲ್ಲ ನನಗೆ.

ವೆಂಟಿಲೇಟರ್ ಬೇಕಾಗಲಿಲ್ಲ. ಯಾಕೆ ಎಂದು ಡಾಕ್ಟರಿಗೂ ಹೇಳಲು ಬರಲಿಲ್ಲ. ಅದೇ ವಾರ್ಡಿನಲ್ಲಿ ಇವರಿಗಿಂತ ಸಣ್ಣ ಪ್ರಾಯದವರು ಹೋದರು. ಹಾಗಾಗಿ ನಮ್ಮ ಪುಣ್ಯ, ನಮ್ಮ ಪೂಜೆ ಎಂದೆಲ್ಲ ಹೇಳಿಕೊಳ್ಳಲು ನನಗೆ ನಾಲಿಗೆ ಏಳುವುದಿಲ್ಲ. ಒಂದು ದಿನ ಆಕ್ಸಿಜನ್ ಕಡಿಮೆ ಮಾಡಿದರು, ಮತ್ತೊಂದು ದಿನ ಇನ್ನೂ ಕಡಿಮೆ ಮಾಡಿದರು, ಕೊನೆಗೆ ಗಾಲಿಕುರ್ಚಿಯಲ್ಲಿ ಹೊರಗೆ ತಂದರು. ಪಂಚೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಮೊದಲು ಕೇಳಿದ್ದು:

"ನಮ್ಮ ಬದಿ ಇಳಿದಿದೆಯಾ?"

ಬೈಗಳು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು ಆಟೋ ಹತ್ತಿಸಿದೆ.

ಮನೆಯಲ್ಲಿ ಆಕ್ಸಿಜನ್ ಯಂತ್ರ ಗೊರ್ರೆನ್ನುತ್ತಿತ್ತು. ಉಸಿರು ಮೆಲ್ಲಗೆ ಮರಳಿತು, ಮೂಗು ಮರಳಲಿಲ್ಲ. ಡಾಕ್ಟರು ದಿನಾ ಏನಾದರೂ ಮೂಸಿ ಅಭ್ಯಾಸ ಮಾಡಿ ಎಂದಿದ್ದರು. ನಾನು ಬೆಳಿಗ್ಗೆ ಇಂಗಿನ ಡಬ್ಬಿ ಹಿಡಿಯುತ್ತಿದ್ದೆ. ಮೊದಮೊದಲು ತಲೆ ಅಲ್ಲಾಡಿಸುತ್ತಿದ್ದರು. ಆ ಮೂಗಿಲ್ಲದೆ ಹೋಟೆಲಿಗೆ ಹೋಗಿ ಏನು ಮಾಡುವುದು, ಹಂಡೆಯ ಮುಂದೆ ಗೊಂಬೆಯ ಹಾಗೆ ನಿಲ್ಲುವುದಾ ಎಂದು ಒಮ್ಮೆ ಗೋಡೆಗೆ ಮುಖ ಮಾಡಿ ಅತ್ತರು. ನಾನು ಬೆನ್ನು ಸವರಿದೆ. ಆಮೇಲೊಂದು ಬೆಳಿಗ್ಗೆ, "ಹ್ಞೂಂ, ಸ್ವಲ್ಪ ಬರ್ತದೆ" ಎಂದರು. ಮರುದಿನ, "ಚೆನ್ನಾಗಿ ಬರ್ತದೆ." ನಿಧಿಗೆ ಫೋನಿನಲ್ಲಿ, "ಪಪ್ಪ ನೈಂಟಿ ಪರ್ಸೆಂಟ್ ಓಕೆ."

ನನಗೆ ಸಂಶಯ ಬಂತು. ಇಂಗಿಲ್ಲದ, ತೊಳೆದು ಬಿಸಿಲಿಗಿಟ್ಟ ಡಬ್ಬಿಯನ್ನು ಮೂಗಿಗೆ ಹಿಡಿದೆ.

"ಆಹಾ" ಎಂದರು. "ಒಳ್ಳೆ ಇಂಗು."

ಡಬ್ಬಿ ಬಗ್ಗಿಸಿ ತೋರಿಸಿದೆ. "ನೀವೂ ಸೊನ್ನೆ ಹಾಕ್ಲಿಕ್ಕೆ ಶುರು ಮಾಡಿದ್ರಾ? ಯಾರಿಗೆ ತೋರಿಸ್ಲಿಕ್ಕೆ ಈ ಹಸಿರು ಗೆರೆ? ನನಗಾ?" ಎಂದೆ. ಇಷ್ಟು ದಿನ ಇಟ್ಟುಕೊಂಡದ್ದೆಲ್ಲ ಹೊರಗೆ ಬಂತು. ಇಂಗಿನವನಿಗೆ ಬೈದದ್ದು, ಬ್ಯಾಟರಿಗೆ ಬೈದದ್ದು, ವಿಳಾಸದ ಸಂಧಾನ, ಒಂದನ್ನೂ ಬಿಡಲಿಲ್ಲ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಕೊನೆಗೆ ಸಣ್ಣ ದನಿಯಲ್ಲಿ, "ಇಲ್ಲ ಶಾರದಾ, ಏನೂ ಬರುವುದಿಲ್ಲ. ನೀನು ಪಾಪ ದಿನಾ ಹಿಡಿದು ನಿಲ್ತಿ, ಅದಕ್ಕೆ ಹೇಳಿದೆ" ಎಂದರು. ನಾನು ಡಬ್ಬಿ ತೆಗೆದುಕೊಂಡು ಒಳಗೆ ಹೋದೆ. ಆ ದಿನದಿಂದ ಮೂಗಿನ ಮಾತು ಇಬ್ಬರೂ ಎತ್ತಲಿಲ್ಲ.

ಮಳೆಗಾಲ ಕಳೆಯಿತು. ಹೋಟೆಲಿನಲ್ಲಿ ಅರ್ಧ ಕುರ್ಚಿ ಹಾಕಬಹುದೆಂಬ ನಿಯಮ ಬಂತು. ಹೋಟೆಲನ್ನು ಭಟ್ಟರೇ ನೋಡಿಕೊಳ್ಳುತ್ತಿದ್ದರು, ಇವರು ಮನೆಯಲ್ಲಿ ಪೇಪರ್ ಓದುತ್ತಿದ್ದರು. ಮೊನ್ನೆ ಬೆಳಿಗ್ಗೆ ಸಾರಿಗೆ ಒಗ್ಗರಣೆ ಇಟ್ಟಿದ್ದೆ. ಅಷ್ಟರಲ್ಲಿ ಗುಂಪಿನಲ್ಲಿ ಜಯೇಶ್‌ಭಾಯಿಯ ಸಂದೇಶ: ಇಡೀ ಅಲೆಯಲ್ಲಿ ಒಂದೂ ಕೇಸಿಲ್ಲದ ಕಟ್ಟಡ ನಮ್ಮದು, ಅದಕ್ಕಾಗಿ ಟೆರೇಸಿನಲ್ಲಿ ಸನ್ಮಾನ, ಊಟಕ್ಕೆ ನಮ್ಮ ವಾಸುದೇವಭಾಯಿಯ ಹೋಟೆಲಿನ ಇಡ್ಲಿ-ಸಾಂಬಾರು. ಮೈಯೆಲ್ಲ ಉರಿಯಿತು. ಸೌಟು ಬಿಟ್ಟು ಎರಡೂ ಕೈಯಲ್ಲಿ ಫೋನು ಹಿಡಿದು, ಈ ಮನುಷ್ಯನಿಗೆ ಜನ್ಮದಲ್ಲಿ ಮರೆಯದಂಥ ಉತ್ತರ ಬರೆಯುತ್ತಾ ನಿಂತೆ.

"ಏ ಶಾರದಾ!" ಕೋಣೆಯಿಂದ ಕೂಗು. "ಸಾಸಿವೆ ಕರಟಿ ಹೋಯ್ತು! ಎಲ್ಲಿ ಉಂಟು ನಿನ್ನ ಗ್ಯಾನ?"

ನೋಡಿದರೆ ಬಾಣಲೆಯಲ್ಲಿ ಸಾಸಿವೆ ಕಪ್ಪಾಗಿ ಹೊಗೆ ಏಳುತ್ತಿತ್ತು. ಅವರ ಕೋಣೆಯಿಂದ ಒಲೆ ಕಾಣುವುದಿಲ್ಲ.

ಗ್ಯಾಸ್ ಆರಿಸಿ ಕಟ್ಟೆ ಹಿಡಿದು ನಿಂತೆ. "ಎಂತ ಹೇಳಿದ್ರಿ?" ಎಂದು ಕೇಳಿದೆ.

"ಕಿವಿಯೂ ಹೋಯ್ತಾ? ಮನೆಯೆಲ್ಲ ಸೀದ ವಾಸನೆ ಮಾರಾಯ್ತಿ! ಮೊದಲು ಆ ಕಿಟಕಿ ತೆಗಿ!"

ತಮ್ಮ ಮಾತು ತಮಗೇ ಆಗ ಕೇಳಿಸಿರಬೇಕು. ಪೇಪರ್ ನೆಲಕ್ಕೆ ಬಿದ್ದ ಸದ್ದಾಯಿತು.

ಉತ್ತರ ಅರ್ಧಕ್ಕೇ ಉಳಿಯಿತು. ಫೋನನ್ನು ಬೋರಲು ಹಾಕಿ, ಕರಟಿದ್ದನ್ನು ಚೆಲ್ಲಿ, ಕಿಟಕಿ ತೆಗೆದೆ. ಮತ್ತೆ ಎಣ್ಣೆ ಕಾಯಲು ಇಟ್ಟು, ಇಂಗಿನ ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ಅವರು ಗೋಡೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು.