ನಯ ಉಣ್ಣೆಯ ಕೊನೆಯ ಹಿಂಡು

ಕಾಲಿಪಾ ತನ್ನ ಸ್ವಂತ ತಂದೆ ಕಾಯುತ್ತಿದ್ದ ಟಗರುಗಳ ಬೀಜ ಒಡೆಸಿದಾಗ ಅವಳಿಗೆ ಇಪ್ಪತ್ತಮೂರು ವರ್ಷ. ರಾಜಧಾನಿ ಫ್ರುಂಜೆಯ ಕೃಷಿ ಕಾಲೇಜಿನಲ್ಲಿ ಐದು ವರ್ಷ ಓದಿ, ಹುಟ್ಟೂರು ಉಚ್-ಬುಲಾಕ್‌ನ ಸಾಮೂಹಿಕ ಫಾರಂಗೇ ತಳಿ ಅಧಿಕಾರಿಯಾಗಿ ಬಂದು ಇನ್ನೂ ಎರಡು ತಿಂಗಳಾಗಿತ್ತು. ದಪ್ಪ ಬಾಲದ, ಒರಟು ಉಣ್ಣೆಯ ನಾಡ ಕುರಿ ಇನ್ನು ಸಾಕು, ಗಿರಣಿಗೆ ನಯ ಉಣ್ಣೆಯ ಕುರಿ ಬೇಕು ಎಂದು ಮೇಲಿನಿಂದ ಆದೇಶವಿತ್ತು. ಹೊಸ ತಳಿ ನಿಲ್ಲಬೇಕಾದರೆ ಹಳೆಯ ಟಗರುಗಳು ಕುರಿಗಳ ಮೇಲೆ ಹೋಗದಂತೆ ಮಾಡಬೇಕು. ಅವಳ ತಂದೆ ಬೆಕ್‌ಮುರಾತ್ ಓದುಬರಹ ಬಾರದ ಕುರಿಗಾಹಿ. ಮಗಳ ಮಾತನ್ನೆಲ್ಲ ಕೇಳಿಸಿಕೊಂಡು, ಬಾಲದಲ್ಲಿ ಕೊಬ್ಬಿಲ್ಲದ ಕುರಿ ಈ ಚಳಿಗಾಲ ಹೇಗೆ ದಾಟುತ್ತದೆ ಎಂದಷ್ಟೇ ಕೇಳಿದ.

"ಕಾಲ ಬದಲಾಗಿದೆ ಅಪ್ಪಾ," ಎಂದಳು ಕಾಲಿಪಾ. "ಬಾಲ ನೋಡಿ ಕುರಿ ಸಾಕೋ ಕಾಲ ಹೋಯ್ತು. ನಾವೂ ಕಲೀಬೇಕು."

ಬೆಕ್‌ಮುರಾತ್ ಜಗಳವಾಡಲಿಲ್ಲ. ಟಗರುಗಳು ಬೇರೆಯವರ ಕೈಗೆ ಬೆದರುತ್ತವೆಂದು ತಾನೇ ಒಂದೊಂದರ ಕೊಂಬು ಹಿಡಿದು ಕೂತ. ಕೆಲಸ ಮುಗಿದ ಮೇಲೆ ಕೈ ತೊಳೆದುಕೊಂಡು ಮನೆಗೆ ಹೋದ. ಮುಂದಿನ ವರ್ಷ ಉಣ್ಣೆ ಕತ್ತರಿಸುವ ದಿನದವರೆಗೂ ಮಗಳ ಕೈಯಿಂದ ಒಂದು ಬಟ್ಟಲು ಚಹಾ ಕುಡಿಯಲಿಲ್ಲ.

ಆಮೇಲಿನ ಮೂವತ್ತು ವರ್ಷ ಅವಳ ಬದುಕೆಲ್ಲ ಆ ಹಿಂಡೇ. ಮಾರ್ಚ್ ತಿಂಗಳಲ್ಲಿ ಕುರಿಗಳು ಈಯುವಾಗ ಕೊಟ್ಟಿಗೆಯಲ್ಲೇ ಮಲಗುತ್ತಿದ್ದಳು. ಮಗಳು ನಾಜಿರಾ ಹುಟ್ಟಿದ್ದೂ ಅದೇ ತಿಂಗಳಲ್ಲಿ. ಹತ್ತನೇ ದಿನಕ್ಕೆ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ ಕೊಟ್ಟಿಗೆಗೆ ಓಡಿದಳೆಂದು ಊರವರು ಬಹಳ ಕಾಲ ಆಡಿಕೊಂಡರು. ಯಾವ ಕುರಿಗೆ ಯಾವ ಟಗರು ಕೂಡಿಸಿದರೆ ಚಳಿಗೂ ತಡೆಯುವ, ಉಣ್ಣೆಯೂ ನಯವಾಗಿರುವ ಮರಿ ಬರುತ್ತದೆ ಎಂದು ಪ್ರಯತ್ನ ಮಾಡಿ, ಸೋತು, ಮತ್ತೆ ಮಾಡಿ, ಇಪ್ಪತ್ತನೇ ವರ್ಷಕ್ಕೆ ತನಗೆ ಬೇಕಾದ ಕುರಿಯನ್ನು ಪಡೆದಳು. ತುಪ್ಪಟವನ್ನು ಬೆರಳಿಂದ ಸೀಳಿದರೆ ಒಳಗೆ ಕೆನೆಬಣ್ಣ, ಬುಡದವರೆಗೂ ಸಣ್ಣ ಸಣ್ಣ ಅಲೆ. ತಂದೆ ಸಾಯುವ ಮುಂಚೆ ಒಂದು ಮರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, "ಇದು ಕುರಿಯಲ್ಲ ಕಣೇ, ಹತ್ತಿಮೂಟೆ," ಎಂದು ನಕ್ಕಿದ್ದ. ಅದನ್ನು ಅವಳು ಹೊಗಳಿಕೆ ಎಂದೇ ತೆಗೆದುಕೊಂಡಳು. ಗಂಡ ಟ್ರ್ಯಾಕ್ಟರ್ ಓಡಿಸುವವನು, ನಾಜಿರಾ ಹನ್ನೆರಡು ವರ್ಷದವಳಿದ್ದಾಗ ತೀರಿಕೊಂಡ. ಆಗಲೂ ಮೂರನೇ ದಿನ ಅವಳು ಹಿಂಡಿನ ಹತ್ತಿರವಿದ್ದಳು.

ಹಳೆಯ ಸರಕಾರ ಬಿದ್ದು ಮೂರು ವರ್ಷದ ಮೇಲೆ, ತೊಂಬತ್ತನಾಲ್ಕರ ಚಳಿಗಾಲದಲ್ಲಿ, ಫಾರಂ ಮುಚ್ಚಿತು. ಊರಿನ ಸಭಾಂಗಣದಲ್ಲಿ ಒಲೆಗೆ ಕಲ್ಲಿದ್ದಲಿರಲಿಲ್ಲ, ಜನ ತೋಳಿಲ್ಲದ ಕುರಿಚರ್ಮದ ಅಂಗಿ ತೊಟ್ಟು ಕೂತಿದ್ದರು. ಅಧ್ಯಕ್ಷ ತುರ್ದುಬೆಕ್ ಕಾಗದ ಹಿಡಿದು ಓದಿದ. ಪಾಲು, ಖಾಸಗಿ, ಸ್ವಂತ ರೈತ, ಮುಕ್ತ ಮಾರುಕಟ್ಟೆ. ಓದುವವನಿಗೂ ಆ ಮಾತುಗಳ ಅರ್ಥ ಗೊತ್ತಿರಲಿಲ್ಲ ಎಂಬುದು ಅವನ ಧ್ವನಿಯಲ್ಲೇ ತಿಳಿಯುತ್ತಿತ್ತು. ಕೊನೆಗೆ ಎಲ್ಲರಿಗೂ ಅರ್ಥವಾದ ಒಂದು ಮಾತು ಬಂತು: ತಲೆಗೆ ನಾಲ್ಕು ಕುರಿ.

ಕಾಲಿಪಾ ಎದ್ದು ನಿಂತಳು. ಮುನ್ನೂರು ತಾಯಿಕುರಿ, ಹನ್ನೆರಡು ಬಿತ್ತನೆ ಟಗರು, ಇಷ್ಟನ್ನು ಹಂಚದೆ ಒಟ್ಟಿಗೆ ಇಡಿ, ಉಳಿದದ್ದನ್ನು ಹೇಗೆ ಬೇಕೋ ಹಂಚಿಕೊಳ್ಳಿ ಎಂದಳು. ಚದುರಿದ ತಳಿಯನ್ನು ಮತ್ತೆ ಕೂಡಿಸಲು ಇನ್ನೊಂದು ಮೂವತ್ತು ವರ್ಷ ಬೇಕು, ಅಷ್ಟು ವರ್ಷ ತನ್ನ ಹತ್ತಿರ ಇಲ್ಲ ಎಂದೂ ಹೇಳಿದಳು. ಯಾರೂ ವಿರೋಧಿಸಲಿಲ್ಲ. ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕಿ ಮಾತ್ರ ಮೆಲ್ಲಗೆ, "ಕಾಲಿಪಾ, ನಯ ಉಣ್ಣೇನ ಬೇಯಿಸಿ ತಿನ್ನೋಕಾಗುತ್ತೇನವ್ವ?" ಎಂದಳು. ಜನ ನಕ್ಕರು. ಹೊಟ್ಟೆ ತುಂಬಿದವರ ನಗು ಅದಾಗಿರಲಿಲ್ಲ.

ಟೋಪಿಯೊಳಗೆ ಚೀಟಿ ಹಾಕಿ ಎತ್ತಿದರು. ಮೂರು ದಿನದಲ್ಲಿ ಹಿಂಡು ಕರಗಿಹೋಯಿತು. ಒಬ್ಬ ತನ್ನ ಪಾಲನ್ನು ಮೋಟಾರ್ ಸೈಕಲ್ಲಿನ ಪಕ್ಕದ ಗಾಡಿಯಲ್ಲಿ ತುರುಕಿಕೊಂಡು ಹೋದ, ಇನ್ನೊಬ್ಬ ಕತ್ತೆಗೆ ಕಟ್ಟಿ ಎಳೆದುಕೊಂಡು ಹೋದ. ಟಗರುಗಳನ್ನಾದರೂ ಉಳಿಸುತ್ತೇನೆ ಎಂದು ತುರ್ದುಬೆಕ್ ಅವಳಿಗೆ ಮಾತು ಕೊಟ್ಟಿದ್ದ. ಫೆಬ್ರವರಿಯಲ್ಲಿ ಊರಿನಲ್ಲಿ ಹಿಟ್ಟು ಮುಗಿಯಿತು. ಒಬ್ಬ ವ್ಯಾಪಾರಿ ಲಾರಿ ತುಂಬ ಹಿಟ್ಟು ತಂದು ಟಗರು ಕೇಳಿದ, ತುರ್ದುಬೆಕ್ ಕೊಟ್ಟ. ಹಿಟ್ಟನ್ನು ಅವನು ಮನೆ ಮನೆಗೂ ಸಮನಾಗಿ ಹಂಚಿದ. ಒಂದು ಚೀಲ ಕಾಲಿಪಾಳ ಬಾಗಿಲಿಗೂ ಬಂತು. ಅವಳೂ ಅದರಿಂದ ರೊಟ್ಟಿ ಬೇಯಿಸಿದಳು, ಅವಳೂ ತಿಂದಳು.

ಹನ್ನೆರಡರಲ್ಲಿ ವ್ಯಾಪಾರಿಗೆ ಹೋದದ್ದು ಹನ್ನೊಂದು. ಒಂದನ್ನು ತೋಳ ಹಿಡಿಯಿತೆಂದು ಕುರಿಗಾಹಿ ಸಾತಾರ್‌ಕುಲ್ ಹೇಳಿದ್ದ. ಅವನು ಕಾಲಿಪಾಗಿಂತ ಹತ್ತು ವರ್ಷ ದೊಡ್ಡವನು, ಮೊದಲಿನಿಂದಲೂ ಅವಳ ಹಿಂಡು ಕಾದವನು. ಹಿಮ ಕರಗಿದ ಮೇಲೆ ಒಂದು ದಿನ ಅವಳನ್ನು ಕಣಿವೆಯ ಮೇಲಿನ ತನ್ನ ಚಳಿಗಾಲದ ಮನೆಗೆ ಕರೆದುಕೊಂಡು ಹೋಗಿ ಹಿಂದಿನ ಕೋಣೆಯ ಬಾಗಿಲು ತೆಗೆದ. ತೋಳ ಹಿಡಿದ ಟಗರು ಅಲ್ಲಿ ನಿಂತು ಹುಲ್ಲು ತಿನ್ನುತ್ತಿತ್ತು.

"ಸುಳ್ಳು ಹೇಳೋ ವಯಸ್ಸಾ ಬಾಯ್ಕೆ ಇದು?" ಎಂದು ಕೇಳಿದಳು ಕಾಲಿಪಾ. ಅಣ್ಣನನ್ನು ಕರೆಯುವಂತೆ ಅವನನ್ನು ಅವಳು ಹಾಗೆ ಕರೆಯುತ್ತಿದ್ದಳು.

"ತೋಳಾನೇ ನಾನು. ಹಿಡಿದಿದ್ದೀನಿ, ತಿಂದಿಲ್ಲ ಅಷ್ಟೇ," ಎಂದ ಸಾತಾರ್‌ಕುಲ್.

ಇಬ್ಬರೂ ಸೇರಿ ಮನೆ ಮನೆ ತಿರುಗಿದರು. ಒಂದು ಒಳ್ಳೆಯ ಕುರಿಗೆ ಎರಡು ಸಾಧಾರಣ ಕುರಿ ಕೊಟ್ಟು, ತಮ್ಮ ತಮ್ಮ ಪಾಲನ್ನೆಲ್ಲ ಸುರಿದು, ನಲವತ್ತು ತಾಯಿಕುರಿ ಕೂಡಿಸಿದರು. ಸಿಗದೆ ಉಳಿದವು ಮದುವೆಗಳಲ್ಲಿ, ಸಾವಿನ ಊಟಗಳಲ್ಲಿ ಒಂದೊಂದಾಗಿ ಕಡಾಯಿಗೆ ಬಿದ್ದವು. ಗಿರಣಿಯ ಲಾರಿ ಮತ್ತೆ ಬರಲೇ ಇಲ್ಲ. ಮೊದಲ ವರ್ಷದ ಉಣ್ಣೆಯನ್ನು ಜನ ಒಂದು ವರ್ಷ ಕಾದಿಟ್ಟರು, ಆಮೇಲೆ ಕಿಟಕಿಯ ಸಂದಿಗೆ ತುರುಕಿದರು, ಕೆಸರಾದ ಓಣಿಗೆ ಹಾಸಿದರು. ಹಾಸುಗಂಬಳಿ ತಟ್ಟುವ ಹೆಂಗಸರಿಗೂ ಅದು ಬೇಡವಾಗಿತ್ತು, ಅವರಿಗೆ ಒರಟು ಉಣ್ಣೆಯೇ ಬೇಕು. ಯಾರೋ ಪರ್ವತದಾಚೆಯಿಂದ ದಪ್ಪ ಬಾಲದ ಟಗರು ತಂದರು. ಮುಂದಿನ ವಸಂತದಲ್ಲಿ ಹುಟ್ಟಿದ ಮರಿಗಳಿಗೆ ಪುಟ್ಟ ಪುಟ್ಟ ಕೊಬ್ಬಿನ ಬಾಲ. ಹೆಂಗಸರು ಅವನ್ನೆತ್ತಿ ಒಬ್ಬರಿಗೊಬ್ಬರು ತೋರಿಸಿಕೊಂಡು ಹಿಗ್ಗಿದರು. ತಂದೆ ಬದುಕಿದ್ದರೆ ಏನು ಹೇಳುತ್ತಿದ್ದ ಎಂದು ಕಾಲಿಪಾ ಯೋಚಿಸಿದಳು. ಏನೂ ಹೇಳುತ್ತಿರಲಿಲ್ಲ ಅನ್ನಿಸಿತು, ಅದೇ ಅವಳಿಗೆ ಹೆಚ್ಚು ಚುಚ್ಚಿತು.

ನಾಜಿರಾ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದಳು. ಎಂಟು ತಿಂಗಳು ಸಂಬಳ ಬಾರದಿದ್ದಾಗ ನರಿನ್ ಪೇಟೆಯ ಸಂತೆಯಲ್ಲಿ ಚೀನಾ ಚಪ್ಪಲಿ ಮಾರತೊಡಗಿದಳು. ತಾಯಿ ದಿನ ಬಿಟ್ಟು ದಿನ ಕಣಿವೆ ಹತ್ತಿ ಕುರಿ ನೋಡಿಕೊಂಡು ಬರುವುದನ್ನು ಕಂಡು ಅವಳಿಗೆ ಮೊದಮೊದಲು ಕನಿಕರವಿತ್ತು. ಒಂದು ದಿನ ಅದೂ ಮುಗಿಯಿತು.

"ಅಮ್ಮ, ಡಾಕ್ಟರು ಟ್ಯಾಕ್ಸಿ ಓಡಿಸ್ತಿದಾರೆ. ನಾನು ಚಪ್ಪಲಿ ಮಾರ್ತಿದೀನಿ. ನೀನೊಬ್ಳೇ ಇನ್ನೂ ಅಧಿಕಾರಿ," ಎಂದಳು. ಕಾಲಿಪಾ ಮರುದಿನ ಮಗಳ ಜೊತೆ ಸಂತೆಗೆ ಹೋಗಿ ಸಂಜೆಯವರೆಗೆ ಚಪ್ಪಲಿ ಕಾದಳು, ಅದರ ಮರುದಿನ ಮತ್ತೆ ಕಣಿವೆ ಹತ್ತಿದಳು.

ತೊಂಬತ್ತೆಂಟರಲ್ಲಿ ಜಿಲ್ಲಾ ಕೇಂದ್ರದಲ್ಲಿ ಮೂರು ದಿನದ ಒಂದು ತರಬೇತಿ ನಡೆಯಿತು. ಬದಲಾವಣೆಯ ಜೊತೆ ಬದುಕಲು ಕಲಿಯುವುದು ಎಂಬುದೇ ಅದರ ವಿಷಯ. ಊರಿಗೆ ಒಬ್ಬರಂತೆ ಕಳಿಸಬೇಕಿತ್ತು, ಓದಿದವಳೆಂದು ಕಾಲಿಪಾಳನ್ನು ಕಳಿಸಿದರು. ಹೇಳಿಕೊಡುವವಳು ರಾಜಧಾನಿಯಿಂದ ಬಂದ ಅಯ್ಜಮಾಲ್ ಎಂಬ ಎಳೆಯ ಹೆಂಗಸು. ಮಾತು ಮೃದು, ಯಾರನ್ನೂ ಕೀಳಾಗಿ ಕಾಣುತ್ತಿರಲಿಲ್ಲ. ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ಬಣ್ಣದ ಪೆನ್ನು ಕೊಟ್ಟು, ನಿಮ್ಮಲ್ಲಿ ಏನಿದೆ, ಏನು ಬದಲಾಗಿದೆ, ನಿಮ್ಮ ಸರಕು ಯಾರಿಗೆ ಬೇಕು ಎಂದು ಚೌಕ ಚೌಕವಾಗಿ ಗೆರೆ ಹಾಕಿ ಬರೆಯಿಸಿದಳು. ಕಾಲಿಪಾ ಆ ಗುಂಪಿನಲ್ಲಿ ಎಲ್ಲರಿಗಿಂತ ಜಾಣ ವಿದ್ಯಾರ್ಥಿನಿ. ಪಕ್ಕದವರು ಅವಳದ್ದನ್ನು ನೋಡಿ ಬರೆದುಕೊಂಡರು. ಕೊನೆಯ ಚೌಕ ಮಾತ್ರ ಖಾಲಿ ಉಳಿಯಿತು. ಯಾರಿಗೆ ಬೇಕು ಎಂಬುದನ್ನು ಅವಳು ಎರಡು ದಿನ ಯೋಚಿಸಿದಳು. ಮೂರನೇ ದಿನ ಅಯ್ಜಮಾಲ್ ಪಕ್ಕಕ್ಕೆ ಬಂದು ಕೂತು, "ಖಾಲಿ ಇದ್ರೆ ಅದೂ ಒಂದು ಉತ್ತರಾನೇ ಎಜೆ," ಎಂದಳು. ಅಕ್ಕ ಎನ್ನುವಂತೆ ಎಜೆ ಎಂದ ಆ ದನಿಯಲ್ಲಿ ನಿಜವಾದ ಅಕ್ಕರೆಯಿತ್ತು. ಆದ್ದರಿಂದಲೇ ಕಾಲಿಪಾಗೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ಮುಂದಿನ ವರ್ಷ ಸಾತಾರ್‌ಕುಲ್ ಎದೆಯ ಕಾಯಿಲೆಯಿಂದ ಹಾಸಿಗೆ ಹಿಡಿದ. ಸೆಪ್ಟೆಂಬರಿನಲ್ಲಿ ಅವನ ಹಿರಿಯ ಮಗ ಕುಬಾನ್ ಕುದುರೆಯ ಮೇಲೆ ಬಂದು ಅವಳನ್ನು ಕರೆದುಕೊಂಡು ಹೋದ. ಒಳಗೆ ಹೋಗುವ ಮುಂಚೆ ದೊಡ್ಡಿಯ ಹತ್ತಿರ ನಿಲ್ಲಿಸಿಕೊಂಡ. ಅಪ್ಪ ಏಳುವಂತಿಲ್ಲ, ಒಂದೇ ಚಳಿಗಾಲಕ್ಕಾಗುವಷ್ಟು ಒಣಹುಲ್ಲಿದೆ, ಅದನ್ನು ಹಸುಗಳಿಗೆ ಹಾಕಬೇಕೋ ಈ ಕುರಿಗಳಿಗೆ ಹಾಕಬೇಕೋ ತಿಳಿಯದಾಗಿದೆ ಎಂದ. ತಾವು ಮಕ್ಕಳು ಏನು ಹೇಳಿದರೂ ಅಪ್ಪ ಕೇಳುವುದಿಲ್ಲ ಎಂದೂ ಹೇಳಿದ.

"ಎಜೆ, ನಿಮ್ಮ ಮೇಲೆ ನಮಗೆ ಗೌರವ ಇದೆ. ಇವನ್ನ ಯಾಕೆ ಇಟ್ಕೋಬೇಕು, ಒಂದು ಕಾರಣ ಹೇಳಿ ಸಾಕು. ಇಟ್ಕೋತೀವಿ. ದೇವರಾಣೆ."

ಅವನು ಹಂಗಿಸುತ್ತಿರಲಿಲ್ಲ. ಕಾಲಿಪಾ ಬೇಲಿಯ ಮೇಲೆ ಕೈಯೂರಿ ಕುರಿಗಳನ್ನು ನೋಡುತ್ತ ನಿಂತಳು. ಚೆನ್ನಾಗಿವೆ ಎಂಬುದು ಕಾರಣವಲ್ಲ. ಇಂಥವು ಬೇರೆಲ್ಲೂ ಇಲ್ಲ ಎಂಬುದೂ ಕಾರಣವಲ್ಲ. ಮುಂದೆ ಯಾವತ್ತಾದರೂ ಬೇಕಾಗಬಹುದು ಎನ್ನಬಹುದಿತ್ತು. ಆದರೆ ಆ ಮಾತಿನ ಮೇಲೆ ಈ ಹುಡುಗರ ಹಸುಗಳು ಉಪವಾಸ ಬೀಳುತ್ತವೆ. ಹುಡುಕಿ ಹುಡುಕಿ ಕೈಗೆ ಸಿಕ್ಕಿದ್ದು ಆ ಖಾಲಿ ಚೌಕವೊಂದೇ.

ಒಳಗೆ ಸಾತಾರ್‌ಕುಲ್ ದಿಂಬುಗಳಿಗೆ ಒರಗಿ ಅವಳಿಗಾಗಿ ಕಾದಿದ್ದ. ಮಕ್ಕಳಿಬ್ಬರೂ ಬಾಗಿಲ ಹತ್ತಿರ ನಿಂತರು. ಅವನ ಮುಖದಲ್ಲಿ ಗೆದ್ದವನ ಕಳೆಯಿತ್ತು.

"ಹೇಳು ತಂಗಿ. ನನ್ನ ಮಾತು ಇವರ ಕಿವೀಗೆ ಹೋಗಲ್ಲ. ನೀನು ಹೇಳು."

"ಮಾರ್ಲಿ ಬಾಯ್ಕೆ," ಎಂದಳು ಕಾಲಿಪಾ.

ಅವನಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಬೇಕಾಯಿತು.

"ಯಾರಿಗೆ?" ಎಂದು ಕೇಳಿದ ಅವನು.

"ಮಾಂಸಕ್ಕೆ. ಬೇರೆ ಯಾರು ತಗೋತಾರೆ."

ಸಾತಾರ್‌ಕುಲ್ ಇಷ್ಟು ವರ್ಷ ಚಳಿಯಲ್ಲಿ ತಿರುಗಿಸಿದ್ದಕ್ಕೆ ಅವಳನ್ನು ಬೈಯಲಿಲ್ಲ. ಹೆಂಡತಿಯನ್ನು ಕರೆದು, ಬಂದವಳಿಗೆ ಚಹಾ ಕೊಡು ಎಂದು ಹೇಳಿ ಗೋಡೆಯ ಕಡೆಗೆ ತಿರುಗಿ ಮಲಗಿದ. ಕಾಲಿಪಾ ಚಹಾ ಕುಡಿದಳು. ಕುಡಿಯದೆ ಎದ್ದರೆ ಅವನಿಗೆ ಅವಮಾನ.

ಲಾರಿ ಬಂದ ದಿನವೂ ಅವಳು ಅಲ್ಲಿದ್ದಳು. ಆ ಕುರಿಗಳಿಗೆ ಲಾರಿಗೆ ಒರಗಿಸಿದ ಹಲಗೆ ಹತ್ತಿ ಗೊತ್ತಿರಲಿಲ್ಲ, ಗದರಿಸಿದರೆ ಕಾಲು ಮುರಿದುಕೊಳ್ಳುತ್ತಿದ್ದವು. ಆದ್ದರಿಂದ ಅವಳೇ ಮುಂದೆ ನಿಂತು ನಾಲಿಗೆಯಲ್ಲಿ ಲೊಟ್ಟೆ ಹೊಡೆದು ಕರೆದಳು, ಅವು ಅವಳ ದನಿಯ ಹಿಂದೆ ಒಂದೊಂದಾಗಿ ಹತ್ತಿ ಬಂದವು. ವಯಸ್ಸಾದ ಟಗರನ್ನು ವ್ಯಾಪಾರಿ ಬೇಡವೆಂದ, ಮಾಂಸ ನಾರು ಎಂದ. ಎರಡು ವಾರದ ಮೇಲೆ ಸಾತಾರ್‌ಕುಲ್ ತೀರಿಕೊಂಡಾಗ ಅದನ್ನು ಸಾವಿನ ಊಟಕ್ಕೆ ಕಡಿದರು. ಹೆಂಗಸರ ಸಾಲಿನಲ್ಲಿ ಹಿರಿಯಳೆಂದು ಕಾಲಿಪಾಳ ಮುಂದೆ ಸೊಂಟದ ಎಲುಬಿನ ಪಾಲು ಇಟ್ಟರು. ಅದು ಯಾವುದರ ಮಾಂಸ ಎಂದು ಅವಳಿಗೆ ಗೊತ್ತಿತ್ತು. ಎಲ್ಲರೂ ನೋಡುತ್ತಿದ್ದರು. ಮುರಿದು ಪಕ್ಕದವರಿಗೂ ಕೊಟ್ಟು ತಾನೂ ತಿಂದಳು.

ಆ ಚಳಿಗಾಲವಿಡೀ ಅವಳು ಮನೆಯಿಂದ ಹೊರಗೆ ಹೆಚ್ಚು ಕಾಣಿಸಿಕೊಳ್ಳಲಿಲ್ಲ. ವಸಂತದಲ್ಲಿ ಕುಬಾನನೇ ಬಂದು, ಭಾನುವಾರದ ಜಾನುವಾರು ಸಂತೆಗೆ ಬನ್ನಿ, ಕುರಿ ಕೊಳ್ಳುವಾಗ ಮೋಸ ಹೋಗುತ್ತಿದ್ದೇವೆ ಎಂದು ಕರೆದ. ಹೋದಳು. ಬಾಲದ ಕೆಳಗೆ ಅಂಗೈ ಕೊಟ್ಟು ಒಮ್ಮೆ ಎತ್ತಿದರೆ ಕೊಬ್ಬು ಎಷ್ಟು ಕಿಲೋ ಎಂದು ಹೇಳುತ್ತಿದ್ದಳು, ತಕ್ಕಡಿಗೂ ಅವಳ ಮಾತಿಗೂ ವ್ಯತ್ಯಾಸವೇ ಬೀಳುತ್ತಿರಲಿಲ್ಲ. ಒಂದು ವರ್ಷದಲ್ಲಿ ದೂರದ ವ್ಯಾಪಾರಿಗಳೂ ಅವಳನ್ನು ಹುಡುಕಿಕೊಂಡು ಬರತೊಡಗಿದರು. ಅಮ್ಮ ಕೊನೆಗೂ ಕಾಲಕ್ಕೆ ಹೊಂದಿಕೊಂಡಳು ಎಂದು ನಾಜಿರಾ ನೆರೆಯವರಿಗೆ ಹೇಳಿಕೊಂಡು ಹೆಮ್ಮೆಪಟ್ಟಳು.

ಹೊಂದಿಕೊಂಡದ್ದು ನಿಜ. ಹೊಸ ಗುರುತಿನ ಚೀಟಿ ಬಂದಾಗ, ಪಿಂಚಣಿ ಕಾರ್ಡಿಗೆ ಹೋದಾಗ, ಆಮೇಲೆ ಮೊಬೈಲು ಬಂದಾಗ, ಊರಿನ ಮುದುಕಿಯರಲ್ಲಿ ಮೊದಲು ಕಲಿತವಳು ಅವಳೇ. ಒಮ್ಮೆ ಹೇಳಿಕೊಟ್ಟರೆ ಸಾಕಿತ್ತು. ಉಳಿದವರು ಹೊಸತನ್ನು ಕಂಡು ಹೆದರುತ್ತಿದ್ದರು, ಬೈಯುತ್ತಿದ್ದರು, ಹಳೆಯದೇ ವಾಸಿ ಎನ್ನುತ್ತಿದ್ದರು. ಅವರಿಗೆ ಇನ್ನೂ ಏನೋ ಉಳಿದಿದೆ, ಅದಕ್ಕೇ ಹೆದರುತ್ತಾರೆ ಎಂದು ಅವಳು ಒಮ್ಮೆ ಮಗಳ ಹತ್ತಿರ ಹೇಳಿದ್ದಳು. ನಾಜಿರಾಗೆ ಅದು ಅರ್ಥವಾಗಲಿಲ್ಲ, ಮತ್ತೆ ಕೇಳಲೂ ಇಲ್ಲ.

ಜೂನ್ ತಿಂಗಳು ಬಂದರೆ ಊರಿಗೆ ಊರೇ ಡೇರೆ ಕಟ್ಟಿಕೊಂಡು ಹಿಂದೆ ಅವಳ ಹಿಂಡು ಮೇಯುತ್ತಿದ್ದ ಮೇಲಿನ ಹುಲ್ಲುಗಾವಲಿಗೆ ಹೋಗುತ್ತದೆ. ಪ್ರತಿ ವರ್ಷವೂ ಯಾರಾದರೂ ಕಾರು ನಿಲ್ಲಿಸಿ ಕಾಲಿಪಾಳನ್ನು ಕರೆಯುತ್ತಾರೆ. ಹೆಣ್ಣುಕುದುರೆಯ ಹುಳಿಹಾಲು ಕುಡಿದು ನಾಲ್ಕು ದಿನ ಇದ್ದು ಬರೋಣ ಬನ್ನಿ ಎನ್ನುತ್ತಾರೆ. ಮೊಣಕಾಲು ನೋವು, ಹತ್ತಲಾಗುವುದಿಲ್ಲ ಎಂದು ಅವಳು ಹೇಳುತ್ತಾಳೆ. ಕಾರು ಹೊರಟ ಮೇಲೆ ಎರಡು ಕೊಡ ಹಿಡಿದು, ಕಾಲುವೆಯ ಏರು ಇಳಿದು ಹತ್ತಿ, ನೀರು ತರುತ್ತಾಳೆ.